ಬಾವುರೊ ನಿಲ್ಲಿಸುವ ಜಾಗ
ನಮ್ಮ ತರಾವಾ ದ್ವೀಪದಲ್ಲಿ ಹಾಡುಗಳಿಗೆ ವಿಡಿಯೋ ಮಾಡುವ ಬಾವುರೊ, ಮದುವೆಯ ಹಾಡಿರಲಿ ಕುಣಿತದ ಹಾಡಿರಲಿ, ಎಲ್ಲರನ್ನೂ ಸೊಂಟದುದ್ದ ಸಮುದ್ರದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸಿ ಚಿತ್ರಿಸುತ್ತಾನೆ. "ಜಾಗಾನೇ ಹಾಡು, ಮಿಕ್ಕಿದ್ದೆಲ್ಲ ಗಲಾಟೆ" ಎಂಬುದು ಅವನ ಸಿದ್ಧಾಂತ. ಅದರ ದೆಸೆಯಿಂದ ನನ್ನ ಗಿಟಾರಿನೊಳಗೆ ಮೀನುಗಳು ಸಂಸಾರ ಹೂಡಿವೆ. "ಅಣ್ಣಾ, ನನ್ನ ಹೊಸ ಚಪ್ಪಲಿ ಯಾರಿಗೂ ಕಾಣಲ್ವಲ್ಲ" ಎಂದು ಗಾಯಕಿ ತೆರೇಸಿಯಾ ಗೊಣಗಿದರೆ, "ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದ್ಯೇನೆ? ಹೋಗ್ಲಿ, ಒಲೆ ತುಳೀಬೇಡ, ಅಪ್ಪ ಮಲಗೋ ಜಾಗ ಬಿಟ್ಟು ನಿಂತ್ಕೊ" ಎನ್ನುತ್ತಾನೆ. ಅಲ್ಲಿ ಒಲೆಯೂ ಇಲ್ಲ, ಅಪ್ಪನೂ ಇಲ್ಲ, ಸುತ್ತ ಬರೀ ನೀರು. ಇದು ಕಲಾವಿದರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆ. ಮೊನ್ನೆ ಚಿತ್ರೀಕರಣ ಮುಗಿಸಿ ಹೊರಟಾಗ ದಡದಲ್ಲಿ ಕೂತಿದ್ದ ಅವನ ತಾಯಿ ಕೂಗಿದಳು: "ತಲೆ ಬಗ್ಗಿಸ್ಕೊಂಡು ಬರ್ರಪ್ಪಾ, ಸಮುದ್ರ ನುಂಗಿದ್ರೂ ನಮ್ಮನೆ ಸೂರು ತಗ್ಗೇ." ನಾವೆಲ್ಲ ತಲೆ ಬಗ್ಗಿಸಿದೆವು, ಬಾವುರೊ ಕ್ಯಾಮೆರಾವನ್ನೂ ಬಗ್ಗಿಸಿದ.