ನಾಲಿಗೆ ಕತ್ತರಿಸುವ ಬೀಗದಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮನೆಯವರಿಗೆ ಹೇಳಿ ಅಡುಗೆಮನೆಯ ಫ್ರಿಜ್ ಆರಿಸಿಯಾಗಿದೆ, ನೀರಿನ ಪಂಪೂ ನಿಂತಿದೆ. ಒಳಕೋಣೆಯಲ್ಲಿ ಸೊಂಟದೆತ್ತರದ ಹಳೇ ಕಬ್ಬಿಣದ ತಿಜೋರಿ. ಅದರ ಮುಂದೆ ಮಂಡಿಯೂರಿ ಕೂತ ಹೆಂಗಸು ಎಡಗೈ ಅಂಗೈಯನ್ನು ಬಾಗಿಲಿಗೆ ಒತ್ತಿ, ಬಲಗೈಯಿಂದ ಅಂಕಿಯ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ನಿಲ್ಲುತ್ತಾರೆ, ಮತ್ತೆ ತಿರುಗಿಸುತ್ತಾರೆ. ಬೀದಿಯಲ್ಲಿ ಬಸ್ಸುಗಳು ಶುರುವಾದರೆ ಗೋಡೆ ನಡುಗುತ್ತದೆ, ಗೋಡೆ ನಡುಗಿದರೆ ಕಬ್ಬಿಣವೂ ನಡುಗುತ್ತದೆ. ಆಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಇವರ ಕೆಲಸವೆಲ್ಲ ಈ ಹೊತ್ತಿನಲ್ಲಿ.

ಬೀದಿಯವರೆಲ್ಲ ಇವರನ್ನು ಕರೆಯುವುದು ಬೀಗದಕ್ಕ ಅಂತ. ವಯಸ್ಸು ಅರವತ್ತರ ಹತ್ತಿರ. ಕಿವಿಯನ್ನು ತಿಜೋರಿಗೆ ಆನಿಸಿ ಕೇಳುವುದಿಲ್ಲವೇ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ ನಗುತ್ತಾರೆ.

“ಅದೆಲ್ಲ ಸಿನಿಮಾದಲ್ಲಿ. ನಾನು ಕಿವಿ ಕೊಟ್ರೆ ತಿಜೋರಿ ಒಳಗಿಂದ ಏನೂ ಕೇಳ್ಸಲ್ಲ. ಪಕ್ಕದ ರೂಮಲ್ಲಿ ಅಣ್ಣತಮ್ಮಂದಿರು ಕಚ್ಚಾಡೋದು ಚೆನ್ನಾಗಿ ಕೇಳ್ಸುತ್ತೆ.”

ಈ ಮನೆಯಲ್ಲಿ ಅಣ್ಣತಮ್ಮಂದಿರಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅಪ್ಪ ತೀರಿಕೊಂಡು ತಿಂಗಳಾಗಿದೆ. ಚಕ್ರದ ಅಂಕಿಗಳು ಅವರ ತಲೆಯಲ್ಲಿ ಮಾತ್ರ ಇದ್ದವು, ಅವರ ಜೊತೆಗೇ ಹೋದವು. ಅಕ್ಕ ಬಾಗಿಲ ಬಳಿ ನಿಂತಿದ್ದಾಳೆ, ತಂಗಿ ಕಿಟಕಿಯ ಬಳಿ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕೊನೆಗೊಮ್ಮೆ ಬೀಗದಕ್ಕ ಹಿಡಿ ತಿರುಗಿಸಿ, ಎದ್ದು ಪಕ್ಕಕ್ಕೆ ಸರಿಯುತ್ತಾರೆ. “ಬನ್ನಿ, ಬಾಗಿಲು ನೀವೇ ತೆಗೀರಿ.”

ಒಳಗೆ ಒಂದು ಜೊತೆ ಬಳೆ, ಒಂದು ಕನ್ನಡಕದ ಪೆಟ್ಟಿಗೆ, ಒಣಗಿ ಕಲ್ಲಾದ ಒಂದು ಶೂ ಪಾಲಿಶ್ ಡಬ್ಬಿ. ದೊಡ್ಡವಳು ಬಳೆ ಮುಟ್ಟುವುದಿಲ್ಲ. ಡಬ್ಬಿಯನ್ನೆತ್ತಿಕೊಂಡು, “ಅಪ್ಪ ಇದನ್ನ ಯಾಕೆ ಇಲ್ಲಿಟ್ರು?” ಎನ್ನುತ್ತಾಳೆ. ಯಾರಿಗೂ ಗೊತ್ತಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು ಅಳತೊಡಗುತ್ತಾಳೆ.

ಬೀಗದಕ್ಕ ಸಾಮಾನು ಜೋಡಿಸಿಕೊಳ್ಳುವುದಿಲ್ಲ. ಬಾಗಿಲ ಬಳಿ ಬಿದ್ದಿರುವ ಪುಟ್ಟ ಚಪ್ಪಲಿಗಳನ್ನು ನೋಡುತ್ತಿದ್ದಾರೆ. ಅವಳ ಅಳು ನಿಂತ ಮೇಲೆ ಕೇಳುತ್ತಾರೆ: “ಮನೇಲಿ ಮಕ್ಕಳಿದಾರಾ?”

“ಇದಾರೆ, ಮಲಗಿದಾರೆ. ಯಾಕೆ?”

“ಹಾಗಾದ್ರೆ ಇದರ ನಾಲಿಗೆ ತೆಗೆದುಬಿಡ್ತೀನಿ. ಅದಕ್ಕೆ ದುಡ್ಡು ಬೇಡ.”

ನಾಲಿಗೆಯೆಂದರೆ ಬಾಗಿಲನ್ನು ಚೌಕಟ್ಟಿಗೆ ಕಚ್ಚಿ ಹಿಡಿಯುವ ಕಬ್ಬಿಣದ ತುಂಡು. ಅದನ್ನು ಕತ್ತರಿಸಿದರೆ ತಿಜೋರಿ ಬರೀ ಕಪಾಟು. ತಂಗಿ ಕಿಟಕಿಯಿಂದಲೇ ತಲೆಯಾಡಿಸುತ್ತಾಳೆ. “ಬೇಡಪ್ಪ. ಹಳೇ ಕಾಲದ್ದು, ಕೆಡಿಸಿದ್ರೆ ಯಾರು ತಗೋತಾರೆ?”

ಇಷ್ಟು ಹೊತ್ತೂ ಮೂಲೆಯಲ್ಲಿ ಟಾರ್ಚ್ ಹಿಡಿದು ಕೂತಿದ್ದ ಇನ್ನೊಬ್ಬ ಹೆಂಗಸು ಮೊದಲ ಸಲ ಬಾಯಿ ಬಿಡುತ್ತಾರೆ. ತೆಳ್ಳಗಿನ ಮೈ, ಕುತ್ತಿಗೆಯಲ್ಲಿ ಅಳತೆಯ ಟೇಪು. ಬೀಗದಕ್ಕನಿಗಿಂತ ಒಂದಷ್ಟು ವರ್ಷ ಚಿಕ್ಕವರು, ದರ್ಜಿ ಕೆಲಸದವರು.

“ನನ್ನ ಮಗಳು ಇಂಥದ್ರಲ್ಲೇ ಹೋಗಿದ್ದು,” ಎನ್ನುತ್ತಾರೆ.

ಅಕ್ಕ, ತಂಗಿಯ ಕಡೆ ತಿರುಗದೆಯೇ, “ತೆಗೀರಿ,” ಎನ್ನುತ್ತಾಳೆ.

*

ಬೀಗದಕ್ಕ ಈ ಕೆಲಸಕ್ಕೆ ಬಂದದ್ದು ಸೊಸೆಯಾಗಿ. ಮಾವ ಬೀಗ ರಿಪೇರಿಯವರು. ಅವರ ಕೈ ನಡುಗತೊಡಗಿದಾಗ ಮಗನಿಗೆ ಕಲಿಸಲು ನೋಡಿದರು, ಹತ್ತಲಿಲ್ಲ. “ನನ್ನ ಗಂಡ ಒಳ್ಳೇ ಮನುಷ್ಯ. ಆದ್ರೆ ಸೂಜಿಗೆ ದಾರ ಪೋಣಿಸು ಅಂದ್ರೆ ಸೂಜೀನೇ ಮುರೀತಿದ್ದ. ಲಾರಿ ಓಡಿಸೋಕೆ ಹೋದ, ಅದೇ ಅವನಿಗೆ ಸರಿಹೋಯ್ತು.” ಮಾವ ಸೊಸೆಯ ಕೈಗೆ ಬೀಗ ಕೊಟ್ಟು, ಕಣ್ಣು ಮುಚ್ಚಿ ಬಿಚ್ಚು, ಕಣ್ಣು ಮುಚ್ಚಿ ಜೋಡಿಸು ಅಂದರು. ಅನ್ನ ಬೇಯುವಷ್ಟರಲ್ಲಿ ಒಂದು ಬೀಗ ಬಿಚ್ಚಿ ಜೋಡಿಸುವಂತಾದಾಗ, “ಇನ್ನು ನಾನು ಸತ್ತರೂ ಚಿಂತೆಯಿಲ್ಲ,” ಎಂದರಂತೆ.

ಈಗ ಅಂಗಡಿಯೆಂದರೆ ಎರಡು ಕಟ್ಟಡಗಳ ನಡುವಿನ ಕಿರಿದಾದ ಸಂದು, ತಗಡಿನ ಮಾಡು, ಗೋಡೆ ತುಂಬ ತೂಗುವ ಕೀಲಿಗಳು. ದಿನವಿಡೀ ಬೀಗ ರಿಪೇರಿ, ನಕಲು ಕೀಲಿ. ತಿಂಗಳಿಗೆ ನಾಲ್ಕೈದು ತಿಜೋರಿ ಸಿಕ್ಕರೆ ಹೆಚ್ಚು. ಹೆಚ್ಚಿನವು ಸಾವಿನ ಮನೆಗಳಿಂದ, ಉಳಿದವು ಗಂಡ ಹೆಂಡತಿ ಬೇರೆಯಾದ ಮನೆಗಳಿಂದ. ಕಬ್ಬಿಣದ ಪುಡಿ ಉಸಿರಾಡಿ ಎದೆ ಗೊರಗೊರ ಎನ್ನುತ್ತದೆ. ಡ್ರಿಲ್ ಒತ್ತಿ ಒತ್ತಿ ಬಲಭುಜ ಮೇಲೇಳುವುದಿಲ್ಲ, ತಲೆ ಬಾಚಿಕೊಳ್ಳುವುದೂ ಎಡಗೈಯಲ್ಲೇ. ಬಾಗಿಲು ತೆರೆದವರು, “ಗಂಡಸರು ಯಾರೂ ಬರಲ್ವಾ?” ಎಂದು ಕೇಳುವುದು ಈಗಲೂ ತಪ್ಪಿಲ್ಲ.

“ಎಲ್ಲಿ ಕಳ್ಳತನ ಆದ್ರೂ ಮೊದ್ಲು ನನ್ನ ಅಂಗಡಿ ಮುಂದೆ ಜೀಪು ಬರುತ್ತೆ. ನಿನ್ನೆ ಎಲ್ಲಿದ್ದೆ, ಯಾರಿಗೆ ಕೀಲಿ ಮಾಡ್ಕೊಟ್ಟೆ ಅಂತ. ಕಳ್ಳ ಸಿಕ್ಕಿದ ಮೇಲೆ ಸಿಕ್ಕಿದ ಅಂತ ಹೇಳೋಕೆ ಮಾತ್ರ ಯಾರೂ ಬರಲ್ಲ.”

ಇದನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ಮಗು ಹೋದ ದಿನದ ಮಾತು ಬಂದಾಗ ಮಾತ್ರ ಪಕ್ಕದಲ್ಲಿ ಹೊಲಿಯುತ್ತ ಕೂತ ದರ್ಜಿಯ ಕಡೆ ನೋಡುತ್ತಾರೆ. ದರ್ಜಿ, “ಹೇಳಕ್ಕ, ನನಗೇನೂ ಆಗಲ್ಲ,” ಎನ್ನುತ್ತಾರೆ.

*

ದರ್ಜಿ ದಂಪತಿ ಆಗ ತಮ್ಮ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಹಿಂದಿದ್ದವರು ಎತ್ತಲಾಗದೆ ಬಿಟ್ಟುಹೋದ ಕಬ್ಬಿಣದ ತಿಜೋರಿಯೊಂದು ಗೋಡೆಗೆ ಆನಿಕೊಂಡಿತ್ತು. ಅದರ ಕೀಲಿ ಎಂದೋ ಕಳೆದಿತ್ತು. ನಾಲಿಗೆ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡಿದ್ದರಿಂದ ಬಾಗಿಲು ಸುಮ್ಮನೆ ಮುಚ್ಚಿ ತೆರೆಯುತ್ತಿತ್ತು. ಒಳಗಿನ ಹಲಗೆ ತೆಗೆದು ಬಟ್ಟೆಯ ಗಂಟುಗಳನ್ನಿಡುತ್ತಿದ್ದರು. ಆ ಬೆಳಗ್ಗೆ ಗಂಟುಗಳನ್ನು ಹೊರತೆಗೆದಿದ್ದರು. ಖಾಲಿ ಬಿದ್ದದ್ದನ್ನು ಕಂಡು ಮಕ್ಕಳಿಬ್ಬರೂ ಕಣ್ಣಾಮುಚ್ಚಾಲೆಗೆ ಇಳಿದರು. ಐದು ವರ್ಷದ ಹುಡುಗಿ ಒಳಗೆ ಹೊಕ್ಕು, “ಮುಚ್ಚೋ ಅಣ್ಣ,” ಎಂದಳು. ಅಣ್ಣ ನೂಕಿದ. ವರ್ಷಗಟ್ಟಲೆ ಅಲುಗದಿದ್ದ ನಾಲಿಗೆ ಆ ದಿನ ಜಾರಿ ಚೌಕಟ್ಟಿಗೆ ಬಿತ್ತು.

ಹುಡುಗ ಬೈಗುಳಕ್ಕೆ ಹೆದರಿ ಮೊದಲು ತಾನೇ ಎಳೆದ. ಆಗಲಿಲ್ಲ. ಅಪ್ಪನನ್ನು ಕೂಗಿದ. ಅಪ್ಪ ಬಂದು ಎಳೆದ, ಒದ್ದ, ಆಮೇಲೆ ಕಬ್ಬಿಣದ ಸಲಾಕೆ ತಂದು ಹಿಡಿಯ ಮೇಲೆ ಬಲವಾಗಿ ಹೊಡೆದ. ಹಿಡಿ ಮುರಿದುಬಿತ್ತು.

ಯಾರೋ ಸೈಕಲ್ಲಿನಲ್ಲಿ ಹೋಗಿ ಬೀಗದಕ್ಕನನ್ನು ಕರೆತಂದಾಗ ಕೋಣೆ ತುಂಬ ಜನ. ಒಬ್ಬರು ಗಡಾರಿ ಹಾಕಿ ಮೀಟಿ ಅನ್ನುತ್ತಾರೆ, ಇನ್ನೊಬ್ಬರು ವೆಲ್ಡಿಂಗಿನವನನ್ನು ಕರೆಸಿ ಅನ್ನುತ್ತಾರೆ. “ವೆಲ್ಡಿಂಗ್ ಅಂದವನ ಕೆನ್ನೆಗೆ ಹೊಡೆದೆ,” ಎನ್ನುತ್ತಾರೆ ಬೀಗದಕ್ಕ. “ಒಳಗೆ ಮಗು ಇದೆ, ಬೆಂಕಿ ಹಚ್ತೀಯಾ ಅಂದೆ. ಎಲ್ಲರನ್ನೂ ಹೊರಗೆ ಕಳಿಸಿ, ಅಮ್ಮನ್ನ ಮಾತ್ರ ತಿಜೋರಿ ಬಾಗಿಲಿಗೆ ಕೂರಿಸ್ದೆ. ಮಾತಾಡ್ತಾನೇ ಇರು, ನಿಲ್ಲಿಸ್ಬೇಡ ಅಂದೆ.”

ಅಮ್ಮ ಮಾತಾಡಿದರು. ಒಳಗಿನಿಂದ ಮಗುವಿನ ಮಾತು ಕೇಳುತ್ತಿರಲಿಲ್ಲ, ತಟ್ಟುವ ಸದ್ದು ಕೇಳುತ್ತಿತ್ತು. ಅಮ್ಮ ಏನಾದರೂ ಹೇಳಿದರೆ ಒಳಗೆ ಪುಟ್ಟ ಕೈ ತಟ್ಟುತ್ತಿತ್ತು. ಬಲಗಡೆ ಮೂಲೆಗೆ ಒತ್ತಿ ಕೂತ್ಕೋ ಚಿನ್ನ, ತಲೆ ಮೇಲೆ ಕೈ ಇಟ್ಕೋ, ಎಂದರು. ತಟ್ಟಿತು.

ಮೊದಲು ಗಾಳಿ ಬೇಕಿತ್ತು. ನಾಲ್ಕು ಜನರನ್ನು ಮತ್ತೆ ಒಳಗೆ ಕರೆದು ತಿಜೋರಿಯನ್ನು ಗೋಡೆಯಿಂದ ಸರಿಸಿದರು. ಬೀಗದಕ್ಕ ಹಿಂಬದಿಯ ತಗಡಿಗೆ, ಎಡಗಡೆ ಮೇಲೆ, ಡ್ರಿಲ್ ಇಟ್ಟರು. ಹೊರತಗಡು ಬೇಗ ತೂತಾಯಿತು. ಆದರೆ ಬೆಂಕಿಗೆ ತಡೆಯಾಗಲೆಂದು ಎರಡು ತಗಡುಗಳ ನಡುವೆ ಮರಳು ತುಂಬಿದ್ದರು. ಕೊರೆದಷ್ಟೂ ಮರಳು ಜಾರಿ ಬಂದು ತೂತು ಮುಚ್ಚುತ್ತಿತ್ತು. ತಂತಿ ಹಾಕಿ ಕೆದಕಿದರು, ಕೊಳವೆ ತೂರಿಸಲು ನೋಡಿದರು, ಪಕ್ಕದಲ್ಲಿ ಇನ್ನೊಂದು ಕೊರೆದರು. ಒಳತಗಡು ಇನ್ನೂ ಉಳಿದಿತ್ತು. ಅದನ್ನು ಕೊರೆಯುವಾಗ ಡ್ರಿಲ್ಲಿನ ಮೊನೆ ಎಲ್ಲಿ ಮಗುವಿನ ತಲೆಗೆ ತಾಗುವುದೋ ಎಂದು ಕೈ ಅರ್ಧ ಜೋರಿನಲ್ಲೇ ಒತ್ತುತ್ತಿತ್ತು.

“ಮರಳಿಗೆ ಬೈಕೊಂಡು ಬೈಕೊಂಡು ಕೊರೀತಿದ್ದೆ,” ಎನ್ನುತ್ತಾರೆ. “ಆಮೇಲೆ ಇವಳ ದನಿ ಬದಲಾಯ್ತು. ಅದೇ ಮಾತೇ, ಚಿನ್ನ, ಚಿನ್ನ ಅಂತ. ಆದ್ರೆ ದನಿ ಬೇರೆ. ಆಗ ಗೊತ್ತಾಯ್ತು, ತಟ್ಟೋದು ನಿಂತಿದೆ ಅಂತ.”

ಒಳತಗಡು ತೂತಾಯಿತು. ಬಾಯಿಟ್ಟು ಗಾಳಿ ಊದಿದರು. ಅಮ್ಮನನ್ನು ಅಲ್ಲಿ ಕೂರಿಸಿ ಊದಲು ಹೇಳಿ, ತಾವು ಮುಂಬದಿಯ ಬೀಗಕ್ಕೆ ಬಂದರು. ಸಲಾಕೆಯ ಏಟಿಗೆ ಒಳಗಿನ ಪಟ್ಟಿ ಬಾಗಿ ನಾಲಿಗೆಗೆ ಅಡ್ಡ ಕೂತಿತ್ತು. ಅದನ್ನು ಕೊರೆದು, ಮುರಿದು, ಬಾಗಿಲು ತೆಗೆದರು. ಅಮ್ಮ ಹೇಳಿದ ಹಾಗೆ ಮಗು ಬಲಗಡೆ ಮೂಲೆಯಲ್ಲೇ ಕೂತಿತ್ತು. ಕೈ ತಲೆಯ ಮೇಲಿಂದ ಜಾರಿತ್ತು.

ಅಪ್ಪ ಎತ್ತಿಕೊಂಡು ಓಡಿದ. ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಹತ್ತಿರವಿದ್ದೂ ಉಪಯೋಗವಾಗಲಿಲ್ಲ. ಬೀಗದಕ್ಕ ಜೊತೆಗೆ ಹೋಗಲಿಲ್ಲ. ಸುದ್ದಿ ಬಂದಾಗಲೂ ತೆರೆದ ತಿಜೋರಿಯ ಮುಂದೆ ಮರಳಿನಲ್ಲಿ ಕೂತೇ ಇದ್ದರು.

*

ಸ್ವಲ್ಪ ದಿನಗಳಾದ ಮೇಲೆ ದರ್ಜಿಯ ಗಂಡ ಅಂಗಡಿಗೆ ಬಂದ. ಒಳಗೆ ಬರಲಿಲ್ಲ. ಬಿಸಿಲಿನಲ್ಲೇ ನಿಂತು ಒಂದೇ ಪ್ರಶ್ನೆ ಕೇಳಿದ: “ನಾನು ಹೊಡೀದೇ ಇದ್ದಿದ್ರೆ ಬೇಗ ತೆಗೀಬಹುದಿತ್ತಾ?”

“ಇಲ್ಲ ಅಂದೆ,” ಎನ್ನುತ್ತಾರೆ ಬೀಗದಕ್ಕ. “ಹೊಡೆದ್ರೂ ಅಷ್ಟೇ, ಬಿಟ್ರೂ ಅಷ್ಟೇ, ಆ ಬೀಗವೇ ಹಾಗೆ ಅಂದೆ. ಅವರು ತಲೆ ಆಡಿಸಿ ಹೋದ್ರು. ಅವರು ಹೋದ ವರ್ಷ ತೀರ್ಕೊಂಡ್ರು, ಅದಕ್ಕೇ ನಿಮ್ಮ ಹತ್ರ ಬಾಯಿ ಬಿಡ್ತಿದೀನಿ. ಹಿಡಿ ನೆಟ್ಟಗಿದ್ದಿದ್ರೆ ನಾನು ಹಿಂದುಗಡೆ ಹೋಗ್ತಾನೇ ಇರ್ಲಿಲ್ಲ. ಬಂದ ತಕ್ಷಣ ಮುಂದಿಂದಲೇ ತೆಗೀತಿದ್ದೆ.”

ನಾನು ಗಾಬರಿಯಾಗಿ ದರ್ಜಿಯ ಕಡೆ ನೋಡುತ್ತೇನೆ. ಅವರು ಮೊಣಕಾಲ ಮೇಲಿನ ಬಟ್ಟೆಗೆ ಹೊಲಿಗೆ ಹಾಕುತ್ತಲೇ ಇದ್ದಾರೆ.

“ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅಕ್ಕ ಸುಳ್ಳು ಹೇಳೋಕೆ ಬರದವಳು, ಮುಖ ನೋಡಿದ್ರೇ ತಿಳಿಯುತ್ತೆ. ಆದ್ರೂ ರಾತ್ರಿ ಎದ್ದು ಕೂತಾಗೆಲ್ಲ, ಬೀಗದಕ್ಕ ಹಾಗಂದ್ರಲ್ವಾ ಅಂತ ನನ್ನ ಕೇಳೋರು. ಹೌದು, ಹಾಗಂದ್ರು ಅಂತಿದ್ದೆ. ಆಮೇಲೆ ಮಲಗೋರು.”

ಬಾಗಿಲು ನೂಕಿದ ಅಣ್ಣ ಈಗ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಾನೆ, ಮದುವೆಯಾಗಿದೆ. ನನ್ನೊಡನೆ ಮಾತಾಡಲು ಅವನಿಗೆ ಇಷ್ಟವಿಲ್ಲ. “ಅವನ ಮನೇಲಿ ಒಂದು ಬಾಗಿಲಿಗೂ ಚಿಲಕ ಇಲ್ಲ,” ಎನ್ನುತ್ತಾರೆ ತಾಯಿ. “ಸೊಸೆ ಮೊದಮೊದಲು ಜಗಳ ಆಡ್ತಿದ್ಲು. ಈಗ ಬಚ್ಚಲಿಗೆ ಹೋದ್ರೆ ಗಟ್ಟಿಯಾಗಿ ಹಾಡು ಹೇಳ್ತಾಳೆ. ಬೀದಿಗೆಲ್ಲ ಗೊತ್ತಾಗುತ್ತೆ, ಅವಳ ಸ್ನಾನ ಶುರುವಾಯ್ತು ಅಂತ.”

ಮಗು ಹೋದ ವರ್ಷವೇ ದರ್ಜಿ ಒಂದು ಬೆಳಗ್ಗೆ ಬೀಗದಕ್ಕನ ಅಂಗಡಿಗೆ ಬಂದು, “ಇಂಥವು ಇನ್ನೂ ಎಷ್ಟು ಮನೇಲಿವೆ?” ಎಂದು ಕೇಳಿದರು. ಇಬ್ಬರೂ ಹುಡುಕಿಕೊಂಡು ಹೊರಟರು. ಮುಚ್ಚಿದ ಅಂಗಡಿಗಳ ಹಿಂದೆ, ಮಾಳಿಗೆಯ ಮೆಟ್ಟಿಲ ಕೆಳಗೆ, ಗುಜರಿಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುವ ತಿಜೋರಿಗಳು. ಗುಜರಿಯವನು ಮೊದಲು ಗೇಲಿ ಮಾಡಿದ: “ಹಲ್ಲು ಕಿತ್ತ ಹುಲೀನ ಯಾರಮ್ಮ ಕೊಂಡ್ಕೋತಾರೆ?” ಒಮ್ಮೆ ಅವನ ಮೊಮ್ಮಗನೇ ಅಂಥದೊಂದರ ಒಳಗೆ ಕೂತು ಆಡುವುದನ್ನು ಕಂಡ ಮೇಲೆ ತಾನೇ ಹೇಳಿಕಳಿಸುತ್ತಾನೆ. ಬೈದು ಬಾಗಿಲು ಹಾಕಿದ ಮನೆಗಳೂ ಉಂಟು. ಅಲ್ಲಿಗೆ ಇವರು ಮತ್ತೆ ಹೋಗುತ್ತಾರೆ.

ಇದುವರೆಗೆ ಎಷ್ಟು ನಾಲಿಗೆ ಕತ್ತರಿಸಿರಬಹುದು ಎಂದು ಕೇಳುತ್ತೇನೆ. “ಲೆಕ್ಕ ಇಟ್ಟಿಲ್ಲ,” ಎನ್ನುತ್ತಾರೆ ಬೀಗದಕ್ಕ. “ಮಾಡೋರು ಒಳಗಡೆಗೂ ಒಂದು ಹಿಡಿ ಇಟ್ರೆ ನಮಗೆ ಈ ಕೆಲಸವೇ ಇರಲ್ಲ. ಒಂದು ಹಿಡಿ. ನಾನು ಕೇಳೋದು ಅಷ್ಟೇ.”

ನಾನು ಹೊರಡಲು ಎದ್ದಿದ್ದೇನೆ. ದರ್ಜಿ ದಾರವನ್ನು ಹಲ್ಲಿನಲ್ಲಿ ಕಡಿದು ಬಟ್ಟೆ ಪಕ್ಕಕ್ಕಿಡುತ್ತಾರೆ.

“ಅಕ್ಕ, ಇಷ್ಟು ವರ್ಷ ನಾನು ನಿನ್ನ ಏನೂ ಕೇಳಿಲ್ಲ.”

“ಏನೇ?”

“ಆ ಬಾಗಿಲು ಕಿರ್ ಕಿರ್ ಅಂತಿತ್ತು. ಹಿಂದಿನ ದಿನ ಮೆಷಿನ್ ಎಣ್ಣೆ ಬಿಟ್ಟೆ. ಬಾಗಿಲ ಕೀಲುಗಳಿಗೂ ಬಿಟ್ಟೆ, ಬೀಗಕ್ಕೂ ಬಿಟ್ಟೆ. ನಾನು ಬಿಡದೇ ಇದ್ದಿದ್ರೆ?”

ಬೀದಿಯಲ್ಲಿ ಬಸ್ಸೊಂದು ಹಾದುಹೋಗುತ್ತದೆ, ಗೋಡೆಯ ಕೀಲಿಗಳು ಸಣ್ಣಗೆ ಅಲುಗುತ್ತವೆ.

“ನಾಲಿಗೆ ಬೀಳ್ತಿರ್ಲಿಲ್ಲ ಕಣೆ,” ಎನ್ನುತ್ತಾರೆ ಬೀಗದಕ್ಕ.

ದರ್ಜಿ ಕಣ್ಣು ಮುಚ್ಚುತ್ತಾರೆ, ತೆರೆಯುತ್ತಾರೆ. “ಹ್ಞೂಂ,” ಎನ್ನುತ್ತಾರೆ. “ನನಗೂ ಸುಳ್ಳು ಹೇಳಿದ್ದಿದ್ರೆ ನಾಳೆಯಿಂದ ನಿನ್ನ ಜೊತೆ ಬರ್ತಿರ್ಲಿಲ್ಲ.”

ಆಮೇಲೆ ನನ್ನನ್ನಲ್ಲ, ಬೀಗದಕ್ಕನನ್ನೇ ಕೇಳುತ್ತಾರೆ: “ನಾಳೆ ಎಷ್ಟೊತ್ತಿಗೆ?”

“ಬೆಳಿಗ್ಗೆ ಬೇಗ ಹೊರಡ್ಬೇಕು. ಗುಜರಿಯವನ ಹತ್ರ ಒಂದು ಬಂದಿದೆಯಂತೆ. ಮಧ್ಯಾಹ್ನ ಯಾರೋ ಕೊಂಡ್ಕೊಂಡು ಹೋಗ್ತಾರಂತೆ, ಮಕ್ಕಳಿರೋ ಮನೆಯವರು.”