ಕೆಂಪು ದೀಪ ಮತ್ತು ಕಾಶಿಯ ಟಿಕೆಟ್ಟು

ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಹಾಗಾಗಿ ಲೈಸೆನ್ಸೇ ಬೇಡದ ಬ್ಯಾಟರಿ ಸೈಕಲ್ಲು ಬೆಂಗಳೂರಿಗೆ ಬಂದ ಹೊಸತರಲ್ಲೇ ಒಂದನ್ನು ಕೊಂಡೆ. ಪೆಡಲ್ಲೂ ಇತ್ತು, ಹ್ಯಾಂಡಲ್ ತಿರುವಿದರೆ ತಾನಾಗಿಯೂ ಓಡುತ್ತಿತ್ತು. ಅಪ್ಪ ಅದಕ್ಕೆ 'ಟಾರ್ಚ್ ಗಾಡಿ' ಎಂದು ಹೆಸರಿಟ್ಟಿದ್ದರು. ಎಷ್ಟು ಚಾರ್ಜ್ ಉಳಿದಿದೆ ಎಂದು ಹೇಳಲು ಹ್ಯಾಂಡಲ್ ಮೇಲೆ ಹಸಿರು, ಹಳದಿ, ಕೆಂಪು ಮೂರು ದೀಪಗಳಿದ್ದವು.

ಆ ವರ್ಷ ವಿಜಯದಶಮಿಯ ಬೆಳಿಗ್ಗೆ ಅಪ್ಪ ಅಮ್ಮ ಕಾಶಿಗೆ ಹೊರಟರು. ಮೂರು ಸಲ ಮುಂದೆ ಹೋಗಿದ್ದ ಪ್ರಯಾಣ. ಮೂರು ಸಲವೂ ಅಡ್ಡ ಬಂದದ್ದು ನನ್ನದೇ ಒಂದಲ್ಲ ಒಂದು ತಾಪತ್ರಯ. ಅಪ್ಪನ ಮಂಡಿನೋವು ನೋಡಿದರೆ, ಈ ಸಲ ತಪ್ಪಿದರೆ ಮತ್ತೆ ಹೋಗುವ ಮಾತಿರಲಿಲ್ಲ. ಸರಸ್ವತಿ ಪೂಜೆಗಿಟ್ಟ ಪುಸ್ತಕಗಳನ್ನು ಆಮೇಲೆ ಎತ್ತಿಡು ಎಂದು ನನಗೆ ಹೇಳಿ, ಗವಿಪುರದ ನಮ್ಮ ಬೀದಿಯ ಆಟೋ ಹತ್ತಿದರು.

ಸ್ವಲ್ಪ ಹೊತ್ತಿಗೇ ಸ್ಟೇಷನ್ನಿನ ಕಾಯಿನ್ ಬೂತಿನಿಂದ ಅಪ್ಪನ ಫೋನು.

"ಟಿಕೆಟ್ ದೇವ್ರ ಮುಂದೇನೇ ಉಳ್ಕೊಂಡಿದೆ ಕಣೋ. ನಿಮ್ಮಮ್ಮ ಪುಸ್ತಕದ ಜೊತೆ ಪೂಜೆಗಿಟ್ಟಿದ್ಲು. ಇನ್ನು ಮುಕ್ಕಾಲು ಗಂಟೆ ಇದೆ."

"ನೀವು ಹತ್ಬಿಡಿ ಅಪ್ಪ, ಒಳಗೆ ಹೇಳಿದ್ರಾಯ್ತು."

"ಟಿಕೆಟ್ ಇಲ್ದೆ ಹತ್ತೋದಾ? ಆಗಲ್ಲ."

ಜೀವಮಾನದಲ್ಲಿ ಬಸ್ಸಿನಲ್ಲೂ ಒಂದು ಸ್ಟಾಪ್ ಪುಕ್ಕಟೆ ಹೋದವರಲ್ಲ. ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ಪಂಚಾಂಗದ ಕೆಳಗಿದ್ದ ಟಿಕೆಟ್ಟನ್ನು ಕುಂಕುಮದ ಸಮೇತ ಜೇಬಿಗಿಳಿಸಿ ಬೀದಿಗೆ ಬಂದೆ. ಹಬ್ಬದ ಬೆಳಿಗ್ಗೆ ಒಂದು ಆಟೋವೂ ಕಾಣಲಿಲ್ಲ. ಸೈಕಲ್ಲಿನ ಕೀಲಿ ತಿರುವಿದೆ. ಹಸಿರು ದೀಪ ಹತ್ತಿತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆನಲ್ಲ ಎಂದು ನಿಶ್ಚಿಂತೆಯಾಯಿತು.

ಚಾಮರಾಜಪೇಟೆ ಮುಟ್ಟುವುದರೊಳಗೆ ಹಸಿರು ಆರಿ ಹಳದಿಗೆ ಬಂತು. ಗಾಡಿ ಮಾರಿದ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದೆ. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು. ಹ್ಯಾಂಡಲ್ ಬಿಟ್ಟರೆ ಮತ್ತೆ ಹಳದಿ, ತಿರುವಿದರೆ ಕೆಂಪು. ಆ ದೀಪ ನನ್ನನ್ನು ಆಟ ಆಡಿಸುತ್ತಿತ್ತು. ಹತ್ತು ಮಾರು ಓಡಿಸುವುದು, ಬಿಡುವುದು, ಹಳದಿ ಬಂದರೆ ಮತ್ತೆ ತಿರುವುವುದು. ರಸ್ತೆಗಿಂತ ದೀಪವನ್ನೇ ಜಾಸ್ತಿ ನೋಡುತ್ತಿದ್ದೆ. ಅಕ್ಕಿಪೇಟೆಯಲ್ಲಿ ಅಂಗಡಿಗಳ ಮುಂದೆ ಹಿಂದಿನ ದಿನ ಒಡೆದಿದ್ದ ಬೂದುಗುಂಬಳಕಾಯಿಯ ಮೇಲೆ ಚಕ್ರ ಜಾರಿತು. ಬೀಳಲಿಲ್ಲ, ಪುಣ್ಯ. ಆದರೆ ಕೆಂಪು ದೀಪ ಒಮ್ಮೆ ಮಿಣಕ್ಕೆಂದು ಪೂರ್ತಿ ಆರಿತು.

ಬ್ಯಾಟರಿ ಸತ್ತ ಆ ಸೈಕಲ್ಲನ್ನು ತುಳಿಯುವುದೆಂದರೆ ಅಕ್ಕಿಮೂಟೆ ಎಳೆದ ಹಾಗೆ. ಗಡಿಯಾರ ನೋಡಿದೆ, ರೈಲಿಗೆ ಇನ್ನು ಹದಿನಾಲ್ಕೇ ನಿಮಿಷ. ನಾಲ್ಕನೇ ಸಲವೂ ನನ್ನಿಂದಲೇ ತಪ್ಪುತ್ತದೆ ಎಂದುಕೊಂಡು ಅಳು ಬಂತು. ಅಳುತ್ತಲೇ ತುಳಿದೆ.

ಪ್ಲಾಟ್‌ಫಾರ್ಮಿನಲ್ಲಿ ಸಾಮಾನಿನ ಪಕ್ಕದಲ್ಲೇ ಇಬ್ಬರೂ ನಿಂತಿದ್ದರು. ಟಿಕೆಟ್ ಕೈಗಿಟ್ಟು, ಅವರನ್ನು ಹತ್ತಿಸಿ, ಚೀಲಗಳನ್ನು ಒಳಗೆ ತಳ್ಳುವಷ್ಟರಲ್ಲಿ ಸಿಳ್ಳೆಯಾಯಿತು. ಅಮ್ಮ ಕಿಟಕಿಯಿಂದ ಕೇಳಿದಳು:

"ಗಾಡಿ ಚೆನ್ನಾಗಿ ಓಡ್ತೇನೋ? ನಿನ್ನೆ ಆಯುಧಪೂಜೆ ಅಲ್ವಾ, ಅದಕ್ಕೂ ಒಂದಿನ ರಜ ಇರ್ಲಿ ಅಂತ ನಾನೇ ಪ್ಲಗ್ ತೆಗ್ದಿಟ್ಟಿದ್ದೆ."

ದಾರಿಯುದ್ದಕ್ಕೂ ಆ ಅಂಗಡಿಯವನಿಗೆ ಬೈದದ್ದೆಲ್ಲ ನೆನಪಾಯಿತು. ಅಮ್ಮನ ಮುಖದಲ್ಲಿ ಕಾಶಿಗೆ ಹೊರಟ ಖುಷಿ ತುಂಬಿತ್ತು.

"ಚೆನ್ನಾಗೇ ಓಡ್ತಮ್ಮ," ಅಂದೆ.

ಅಪ್ಪ ಬೆವರಿಗೆ ತೊಯ್ದ ನನ್ನ ಶರ್ಟನ್ನೂ, ಪ್ಯಾಂಟಿಗೆ ಮೆತ್ತಿದ್ದ ಚೈನಿನ ಗ್ರೀಸನ್ನೂ ನೋಡಿದರು. ಟಾರ್ಚ್ ಗಾಡಿ ಎನ್ನಲಿಲ್ಲ. ರೈಲು ಅಲ್ಲಾಡಿದಾಗ ಕಿಟಕಿಯ ಸರಳುಗಳ ಸಂದಿಯಿಂದ ಕೈ ಹೊರಹಾಕಿ ನನ್ನ ಕೈ ಹಿಡಿದರು.

"ಮನೆಗೆ ತಳ್ಕೊಂಡೇ ಹೋಗು ಮಗು," ಎಂದರು. "ಈಗೇನೂ ಆತುರ ಇಲ್ಲ."