ಅನ್ನವ್ವನ ಬಾಯಿ, ಅನ್ನವ್ವನ ಹಲ್ಲು

ಸಕ್ಕರೆ ಕಾಯಿಲೆ ಬಂದವರ ಬಾಯಲ್ಲಿ ಹಲ್ಲು ನಿಲ್ಲುವುದಿಲ್ಲ ಎಂದು ದುಂಡಸಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಲ್ಲಿನ ಡಾಕ್ಟರ ಮುಖವನ್ನೇ ನೋಡದವರು ಇನ್ನೂ ಜೋರಾಗಿ ಹೇಳುತ್ತಾರೆ. ಕೌದಿ ಹೊಲಿಯುವ ಅನ್ನವ್ವನ ಮುಂದೆ ಮಾತ್ರ ಈ ಮಾತಾಡಿ ದಕ್ಕಿಸಿಕೊಂಡವರಿಲ್ಲ. "ಬಿಟ್ಟು ಹೋಗಾಕ ಅವೇನು ನನ್ನ ಬಾಯಿಗೆ ಬೀಗತನಕ್ಕ ಬಂದಾವೇನು? ಇಲ್ಲೇ ಹುಟ್ಟ್ಯಾವ, ಇಲ್ಲೇ ಇರ್ತಾವ," ಎಂದು ಬಾಯಿ ತೆರೆದೇ ತೋರಿಸುತ್ತಾಳೆ. ಹಾಗೆ ತೋರಿಸುವ ಬಾಯಲ್ಲಿ ಬಲಗಡೆ ಹಿಂದೆ ಒಂದು ಹಲ್ಲಿನ ಜಾಗ ಖಾಲಿ ಇದೆ. ಅದನ್ನೂ ಆಕೆ ಮುಚ್ಚಿಡುವುದಿಲ್ಲ.

ಅರವತ್ತು ದಾಟಿದ ಹೆಂಗಸು. ಗಂಡ ಉಳಿವೆಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಮಗ ಶಿವಾನಂದ ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾನೆ, ಸೊಸೆ ಸುನಿತಾ ಮನೆಯ ಜೊತೆ ಎರಡು ಎಮ್ಮೆಗಳನ್ನೂ ನೋಡಿಕೊಳ್ಳುತ್ತಾಳೆ. ಹುಲಗೂರು, ಬಂಕಾಪುರದ ಕಡೆಯಿಂದಲೂ ಹಳೆಯ ಸೀರೆ, ಧೋತರದ ಗಂಟುಗಳು ಅನ್ನವ್ವನ ಮನೆಗೆ ಬರುತ್ತವೆ, ಕೌದಿಗಳಾಗಿ ತಿರುಗಿ ಹೋಗುತ್ತವೆ. ಮನೆಯಲ್ಲಿ ಕತ್ತರಿ ಇದ್ದರೂ ಆಕೆ ದಾರವನ್ನು ಕಡಿಯುತ್ತಿದ್ದದ್ದು ಹಲ್ಲಿನಿಂದಲೇ. ಕಡಿದೂ ಕಡಿದೂ ಮುಂದಿನ ಎರಡು ಹಲ್ಲುಗಳ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿದೆ. ಸಕ್ಕರೆ ಕಾಯಿಲೆ ಹಳೆಯದು. ಅದರ ಮೇಲೆ ಈಚೆಗೆ ಹುಬ್ಬಳ್ಳಿಯಲ್ಲಿ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ರಕ್ತ ತೆಳು ಮಾಡುವ ಗುಳಿಗೆ ನಡೆದಿದೆ.

ಮುಂಗಾರಿನ ಹೊತ್ತಿಗೆ ಆ ಹಿಂದಿನ ಹಲ್ಲು ಕೈಕೊಟ್ಟಿತು. ಒಸಡು ಬಾತು, ಕೆನ್ನೆ ಊದಿ, ಅನ್ನ ನುಂಗುವುದೂ ಕಷ್ಟವಾಯಿತು. ಶಿವಾನಂದ ಗಿರಣಿ ಬಿಟ್ಟು ಬರುವ ಹಾಗಿರಲಿಲ್ಲ. ಸುನಿತಾ ಅತ್ತೆಯನ್ನು ಶಿಗ್ಗಾಂವಿಯ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಇದ್ದವಳು ಗುಲ್ನಾರ, ಸವಣೂರಿನ ಹುಡುಗಿ, ಕಲಿತು ಬಂದು ದವಾಖಾನೆ ತೆರೆದು ಇನ್ನೂ ಬಹಳ ದಿನವಾಗಿರಲಿಲ್ಲ.

"ಅನ್ನವ್ವಾರ, ಬಾಯಿ ಆಮ್ಯಾಲೆ ನೋಡೂಣು. ಮೊದಲ ನೀವು ಏನೇನು ಗುಳಿಗಿ ತಗೋತೀರಿ ಹೇಳ್ರಿ," ಎಂದಳು ಗುಲ್ನಾರ.

"ಹಲ್ಲು ತೋರಸಾಕ ಬಂದ್ರ ಗುಳಿಗಿ ಸುದ್ದಿ ಯಾಕ್ರಿ ಬಾಯಾರ?"

"ಬಾಯೇನು ಮೈ ಬಿಟ್ಟು ಬ್ಯಾರೆ ಐತೇನ್ರಿ?"

ಉತ್ತರಕ್ಕೆ ಉತ್ತರ ಸಿಕ್ಕಿದ್ದು ಅನ್ನವ್ವನಿಗೆ ಹಿಡಿಸಿತು. ಸಂಚಿಯನ್ನು ಕೊಡವಿ ಗುಳಿಗೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಗುಲ್ನಾರ ಅದರಲ್ಲೊಂದನ್ನು ಎತ್ತಿಕೊಂಡಾಗ ಸುನಿತಾ ಹೇಳಿದಳು, "ಇದನ್ನ ಎಂಟು ದಿನ ಬಿಟ್ಟು ಹಲ್ಲು ಕೀಳಸ್ಬೇಕಂತಲ್ರಿ? ಇಲ್ಲಂದ್ರ ರಕ್ತ ನಿಲ್ಲೂದಿಲ್ಲ ಅಂತ ನಮ್ಮ ಮನಿಯವ್ರು ಅಂದ್ರು."

ಗುಲ್ನಾರ ಸಂಚಿಯಿಂದ ಬಿದ್ದ ಚೀಟಿ ನೋಡಿ ಹುಬ್ಬಳ್ಳಿಯ ಹೃದಯದ ಡಾಕ್ಟರಿಗೆ ಫೋನ್ ಹಚ್ಚಿದಳು. ಅದೂ ಇದೂ ಕೇಳಿ, ಫೋನ್ ಇಟ್ಟು ಅಂದಳು, "ಬಿಡಬ್ಯಾಡ್ರಿ. ಒಂದು ದಿನಾನೂ ಬಿಡಬ್ಯಾಡ್ರಿ. ಹಲ್ಲು ಕಿತ್ತಲ್ಲಿ ರಕ್ತ ಬಂದ್ರ ಹತ್ತಿ ಒತ್ತಿ, ಹೊಲಿಗಿ ಹಾಕಿ ನಾ ನಿಲ್ಲಸ್ತೇನಿ. ಗುಳಿಗಿ ಬಿಟ್ಟು ಎದ್ಯಾಗೋ ತಲ್ಯಾಗೋ ರಕ್ತ ಹೆಪ್ಪುಗಟ್ಟಿತಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಅನ್ನವ್ವನಿಗೆ ಗಂಡನ ನೆನಪಾಯಿತು. ಉಳಿವೆಪ್ಪನಿಗೂ ಎದೆಯ ಗುಳಿಗೆ ಇತ್ತು. ಹಲ್ಲು ಕೀಳಿಸುವಾಗ ಮನೆಯ ಹಿರಿಯರು, ಓಣಿಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಗುಳಿಗೆ ಬಿಡಿಸಿದ್ದರು. ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಹಲ್ಲು ಸಲೀಸಾಗಿ ಬಂತು. ವಾರ ತುಂಬುವುದರೊಳಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹಣೆಬರಹ ಎಂದರು ಅದೇ ಹಿರಿಯರು. ಅನ್ನವ್ವನೂ ಹಾಗೆಂದೇ ನಂಬಿ ಅವನು ಸಾಯುವವರೆಗೆ ಬಾಯಿಗೆ ಗಂಜಿ ಹಾಕಿದ್ದಳು. ಈಗ ಆ ದವಾಖಾನೆಯ ಕುರ್ಚಿಯಲ್ಲಿ ಕುಳಿತವಳಿಗೆ ಅದು ಹಣೆಬರಹವಲ್ಲ ಎನ್ನಿಸಿತು. ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

"ಉಳಿದ ಹಲ್ಲು?" ಎಂದು ಕೇಳಿದಳು.

"ಅಲಗಾಡಾಕತ್ತಾವ. ಆದ್ರ ಕೀಳೂದು ಯಾಕ? ಸಕ್ಕರಿ ಹಿಡಿತದಾಗ ಇಟ್ಟು, ಹಲ್ಲಿನ ಸಂದಿ ದಿನಾ ಸ್ವಚ್ಛ ಮಾಡಿದ್ರ ನಿಂದರ್ತಾವ. ಸಕ್ಕರಿ ಏರಿದ್ರ ಒಸಡು ಕೆಡತಾವ, ಒಸಡು ಕೆಟ್ಟರ ಸಕ್ಕರಿ ಏರತೈತಿ. ಎರಡನ್ನೂ ಕೂಡೇ ಹಿಡೀಬೇಕು."

"ಹಂಗಾರ ಹಿಡಿಯೂಣು. ನನ್ನ ಹಲ್ಲು ನಾ ಯಾರಿಗೂ ಕೊಡೂದಿಲ್ಲ."

ಬಾವು ಇಳಿಯಲು ಔಷಧ ಕೊಟ್ಟು, ಆ ಒಂದು ಹಲ್ಲನ್ನು ಗುಲ್ನಾರ ಮುಂದೆ ಒಂದು ಮುಂಜಾನೆ ಕಿತ್ತಳು. ಹಸಿದುಕೊಂಡು ಬರಬಾರದು, ನಾಷ್ಟಾ ಮಾಡಿ ಗುಳಿಗೆ ತೆಗೆದುಕೊಂಡೇ ಬರಬೇಕು ಎಂದು ಮೊದಲೇ ತಾಕೀತು ಮಾಡಿದ್ದಳು. ರಕ್ತ ಬಂತು, ಹೊಲಿಗೆ ಹಾಕಿಸಿಕೊಂಡು ಹತ್ತಿ ಕಚ್ಚಿ ಕುಳಿತರೆ ನಿಂತಿತು. ಹೊಲಿಗೆ ಬಿಚ್ಚಿಸಲು ಹೋದ ದಿನ ಗುಲ್ನಾರ ಒಂದು ಪುಟ್ಟ ಡಬ್ಬಿಯಿಂದ ದಾರ ಎಳೆದು ತೋರಿಸಿದಳು. ಹಲ್ಲುಜ್ಜುವ ಬ್ರಷ್ ಸಂದಿಯೊಳಗೆ ಹೋಗುವುದಿಲ್ಲ, ಅಲ್ಲಿಗೆ ಈ ಫ್ಲಾಸ್ ಎಂಬ ದಾರವೇ ಆಗಬೇಕು, ದಿನಾ ಒಂದು ಸಲ.

ದಾರ! ಅನ್ನವ್ವನಿಗೆ ದಾರದ ಬಗ್ಗೆ ಹೇಳಿಕೊಡುವುದೇ? ಡಾಕ್ಟರು ಕೊಟ್ಟ ಡಬ್ಬಿಯನ್ನು ಗೂಡಿನಲ್ಲಿಟ್ಟಳು. "ಜೇಡರ ಬಲಿ ಇದ್ದಂಗ ಐತಿ, ಇದೇನ್ ಕೆಲಸ ಮಾಡೀತು," ಎಂದು ಕೌದಿಯ ದಪ್ಪ ದಾರವನ್ನು ಎರಡೆಳೆ ಮಾಡಿ ಹುರಿ ಹಾಕಿದಳು. ಸಂಜೆ ಊಟವಾದ ಮೇಲೆ ಕಟ್ಟೆಗೆ ಕುಳಿತು ಹಲ್ಲಿನ ಸಂದಿಗೆ ಇಳಿಸಿದಳು. ಹೊಲಿಗೆಯನ್ನು ಜಗ್ಗಿ ಬಿಗಿಯದಿದ್ದರೆ ಒಂದೇ ಒಗೆತಕ್ಕೆ ಕೌದಿ ಬಾಯಿ ಬಿಡುತ್ತದೆ. ನಲವತ್ತು ವರ್ಷ ಜಗ್ಗಿದ ಕೈ. ಅದಕ್ಕೆ ಹಲ್ಲು ಯಾವುದು, ಕೌದಿ ಯಾವುದು ಎಂಬ ಭೇದ ತಿಳಿಯಲಿಲ್ಲ. ಜಗ್ಗಿತು. ಒಸಡು ಸೀಳಿತು.

ತೆಳು ರಕ್ತ, ಬೇಗ ನಿಲ್ಲಲೊಲ್ಲದು. ಸೆರಗು ಕೆಂಪಾದದ್ದನ್ನು ನೋಡಿ ಸುನಿತಾ "ಅಯ್ಯ ನನ್ನ ಶಿವನ!" ಎಂದು ಚೀರಿದಳು. ಓಣಿ ಕೂಡಿತು. ಹಲ್ಲಿಗೆ ಹಗ್ಗ ಹಾಕುವ ಬುದ್ಧಿ ಯಾರು ಕೊಟ್ಟರು ಎಂದೊಬ್ಬರು, ಈ ವಯಸ್ಸಿಗೆ ಹಲ್ಲಿನ ಆಸೆ ಯಾಕೆಂದು ಇನ್ನೊಬ್ಬರು. ಬಟ್ಟೆ ಒತ್ತಿ ಹಿಡಿದು ಕಡೆಗೆ ರಕ್ತ ನಿಂತಿತು. ಆದರೆ ಶಿವಾನಂದನ ಮುಖಕ್ಕೆ ಬಣ್ಣ ಮರಳಲಿಲ್ಲ. ಗೂಡಿನಲ್ಲಿದ್ದ ರಕ್ತದ ಗುಳಿಗೆಯ ಪಟ್ಟಿಯನ್ನು ಎತ್ತಿ ಕಿಸೆಗೆ ಹಾಕಿಕೊಂಡ.

"ಇದು ನನ್ನ ಹತ್ರ ಇರ್ಲಿ. ಸಂತಿಗೆ ಹಲ್ಲಿನ ಸೆಟ್ಟಿನವ ಬರ್ತಾನಲ್ಲ, ಅವಗ ಹೋದ ಸಂತ್ಯಾಗ ಹೇಳೇನಿ. ನಾಕು ದಿನ ಗುಳಿಗಿ ಬಿಡಸ್ರಿ, ಎಲ್ಲಾ ಹಲ್ಲು ಒಮ್ಮೆ ಕಿತ್ತು ಸೆಟ್ಟು ಕುಂದರಸ್ತೇನಿ ಅಂದಾನ. ದಿನಾ ಈ ರಕ್ತ ನೋಡಾಕ ನನ್ನ ಕೈಲೆ ಆಗಂಗಿಲ್ಲವ್ವಾ."

"ನೆಗಡಿ ಬಂತಂತ ಮೂಗು ಕೊಯ್ಸತೀಯೇನಪಾ? ಗುಳಿಗಿ ಕೊಡು."

"ಕೊಡೂದಿಲ್ಲ."

"ನಿಮ್ಮಪ್ಪಗೂ ಹಿಂಗ ಬಿಡಿಸಿದ್ರು."

"ಅಪ್ಪನ ಸುದ್ದಿ ಈಗ್ಯಾಕ ತಗೀತಿ?" ಎಂದು ಶಿವಾನಂದ ದಡದಡ ಹೊರಟುಹೋದ. ಗುಳಿಗೆ ಗಿರಣಿಯ ಗಲ್ಲಾದೊಳಗೆ ಬೀಗ ಹಾಕಿಸಿಕೊಂಡು ಕುಳಿತಿತು.

ಅನ್ನವ್ವ ಜಗಳಕ್ಕೆ ಹೋಗಲಿಲ್ಲ. ಜಗಳಾಡಿ ಗೆಲ್ಲುವಷ್ಟು ಹೊತ್ತು ತನ್ನ ಎದೆಗೆ ಇಲ್ಲ ಎಂಬುದು ಆಕೆಗೆ ಗೊತ್ತಿತ್ತು. ಬೆಳಿಗ್ಗೆ ಯಾರಿಗೂ ಹೇಳದೆ ಶಿಗ್ಗಾಂವಿಯ ಮೊದಲ ಬಸ್ಸು ಹತ್ತಿದಳು. ಔಷಧದ ಅಂಗಡಿಯಲ್ಲಿ ಹುಬ್ಬಳ್ಳಿಯ ಚೀಟಿ ತೋರಿಸಿ ಹೊಸ ಪಟ್ಟಿ ಕೊಂಡು, ಅಲ್ಲೇ ನೀರು ಬೇಡಿ ಅಂದಿನ ಗುಳಿಗೆ ನುಂಗಿದಳು. ಆಮೇಲೆ ದವಾಖಾನೆಯ ಬಾಗಿಲಲ್ಲಿ ಕುಳಿತು ಕಾದಳು.

ಬಾಯೊಳಗೆ ನೋಡಿದ ಗುಲ್ನಾರ ಗಾಬರಿಯಾದಳು. "ಏನ್ ಹಾಕಿದ್ರಿ ಇದಕ್ಕ?"

ಅನ್ನವ್ವ ಸಂಚಿಯಿಂದ ಕೌದಿ ದಾರ ತೆಗೆದು ತೋರಿಸಿದಳು. ಡಾಕ್ಟರಿಗೆ ಸಿಟ್ಟು ಬರಬೇಕಾದಲ್ಲಿ ನಗೆ ಬಂತು. "ಯವ್ವಾ, ಇದರಾಗ ಎತ್ತು ಕಟ್ಟಬಹುದಲ್ರಿ!"

"ನಗಬ್ಯಾಡ್ರಿ ಬಾಯಾರ. ತಪ್ಪಾತು. ಸರಿಯಾಗಿ ಹೇಳಿಕೊಡ್ರಿ. ನಾ ಸೋತು ಮನಿಗೆ ಹೋದ್ರ ನನ್ನ ಬಾಯಿ ಬೋಳು ಮಾಡ್ತಾರ."

ಗುಲ್ನಾರ ನಗು ನಿಲ್ಲಿಸಿ, ಕನ್ನಡಿ ಹಿಡಿದು, ತೆಳು ದಾರವನ್ನು ಅನ್ನವ್ವನ ಬೆರಳುಗಳಿಗೇ ಸುತ್ತಿದಳು. "ಜಗ್ಗಬ್ಯಾಡ್ರಿ. ಕೂಸಿಗೆ ಅರಿವಿ ಸುತ್ತಿದಂಗ ಹಲ್ಲಿಗೆ ಸುತ್ತರಿ. ಹಾಂ, ಈಗ ಸಾವಕಾಶ ಮ್ಯಾಲ, ಕೆಳಗ. ಇನ್ನ ಬಾಜೂ ಹಲ್ಲಿಗೆ ಸುತ್ತರಿ. ಮುಂದಿನ ಸಂದಿಗೆ ಹೊಸ ದಾರ. ಬಾತ ಒಸಡು ಮೊದಮೊದಲ ಚೂರು ರಕ್ತ ಒಸರತೈತಿ, ಅದಕ್ಕ ಅಂಜಿ ಬಿಟ್ರಿ ಅಂದ್ರ ಇನ್ನೂ ಕೆಡತೈತಿ. ರಕ್ತ ಒತ್ತಿ ಹಿಡಿದ್ರೂ ನಿಲ್ಲಲಿಲ್ಲ ಅಂದ್ರ ನನಗ ಫೋನ್ ಮಾಡ್ರಿ. ಗುಳಿಗಿ ಮಾತ್ರ ಮುಟ್ಟಬ್ಯಾಡ್ರಿ." ಅನ್ನವ್ವನ ಕೈ ಎರಡು ಸಲ ಜಗ್ಗಿತು, ಎರಡು ಸಲ ಬೈಸಿಕೊಂಡಿತು. ಮೂರನೆಯದಕ್ಕೆ ಕಲಿಯಿತು.

ದುಂಡಸಿಯಲ್ಲಿ ಬಸ್ಸಿಳಿದರೆ ಶಿವಾನಂದ ಎದುರಿಗೇ ನಿಂತಿದ್ದ. ಗಿರಣಿ ಬಂದ್ ಮಾಡಿ ಊರೆಲ್ಲ ಹುಡುಕಿದ್ದ, ತಲೆಯ ಹಿಟ್ಟನ್ನೂ ಕೊಡವಿಕೊಂಡಿರಲಿಲ್ಲ. "ಎಲ್ಲಿ ಹೋಗಿದ್ದಿ? ಹೇಳಿ ಹೋಗಾಕ ಬಾಯಿರಲಿಲ್ಲೇನು?" ಎಂದು ಕೂಗಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ತಿರುಗಲಿ ಎಂದೇ ಅನ್ನವ್ವ ದನಿ ಏರಿಸಿದಳು.

"ಬಾಯಿ ಉಳಿಸ್ಕೊಳ್ಳಾಕ ಹೋಗಿದ್ನಿ! ಲೇ ಶಿವ್ಯಾ, ನಿಮ್ಮಪ್ಪನ ಹಲ್ಲು ಕೀಳಸೂ ಮುಂದ ಊರ ಮಂದಿ ಎಲ್ಲಾ ಡಾಕ್ಟರ್ ಆಗಿದ್ರು. ಲಕ್ವಾ ಹೊಡದ ಮ್ಯಾಲ ಒಬ್ಬರೂ ಬಂದು ಆತನ ಬಾಯಿ ಒರಸಲಿಲ್ಲ. ನಾ ಒರಸೇನಿ. ಗುಳಿಗಿ ಬಿಡಿಸಿದ್ದಕ್ಕ ಹಂಗಾಗಿರಬೇಕಂತ ನನಗ ಈಗ ತಿಳದೈತಿ. ತಿಳದ ಮ್ಯಾಲೂ ಸುಮ್ಮನ ಕುಂತ್ರ ನಾ ಮನಷ್ಯಾಳ ಅಲ್ಲ. ನೀ ಅಂಜಿ ಕಸಗೊಂಡಿ, ನನ್ನ ಮ್ಯಾಲಿನ ಜೀವಕ್ಕ ಕಸಗೊಂಡಿ, ಅದೂ ಗೊತ್ತೈತಿ. ಆದ್ರ ಎದಿ ನಂದು, ಬಾಯಿ ನಂದು, ಗುಳಿಗಿ ನಂದು. ಆ ಸೆಟ್ಟಿನವ ನನ್ನ ಹೊಸ್ತಲಾ ತುಳದ್ರ ಮೊದಲ ಅವನ ಹಲ್ಲು ನಾ ಕೀಳತೇನಿ, ಹೇಳಿ ಕಳಸು!"

ಯಾರೋ ಕಿಸಕ್ಕನೆ ನಕ್ಕರು. ಶಿವಾನಂದ ನಗಲಿಲ್ಲ. ಅಪ್ಪನ ವಿಷಯ ಅವನಿಗೆ ಆ ರೀತಿ ಯಾರೂ ಹೇಳಿರಲಿಲ್ಲ. ಅಂದು ಸಂಜೆ ಗುಳಿಗೆಯ ಪಟ್ಟಿ ಮತ್ತೆ ಗೂಡಿಗೆ ಬಂತು, ಸಂತೆಯ ದಿನ ಸೆಟ್ಟಿನವನು ಬರಲಿಲ್ಲ. "ದೀಪಾವಳಿ ಮಟ ನೋಡೂಣು. ಗಟ್ಟಿ ಆಗಲಿಲ್ಲಂದ್ರ ನಾ ಹೇಳಿದಂಗ ಕೇಳಬೇಕು," ಎಂದು ಮಾತ್ರ ಅವನು ಗೊಣಗಿದ.

ಆಮೇಲೆ ನೋಡಿ ಅನ್ನವ್ವನ ಹಠ. ಬೆಲ್ಲದ ಚಹಾ ಸಕ್ಕರೆ ಕಾಯಿಲೆಗೆ ನಡೆಯುತ್ತದೆ ಎಂದು ವಾದಿಸುತ್ತಿದ್ದವಳು ಅದನ್ನೂ ಬಿಟ್ಟಳು. ಕೌದಿ ದಾರವನ್ನು ಹಲ್ಲಿನಿಂದ ಕಡಿಯುವುದನ್ನು ಬಿಟ್ಟು ಕತ್ತರಿ ಹಿಡಿದಳು, ಇದು ಎಲ್ಲಕ್ಕಿಂತ ಕಷ್ಟವಾಯಿತು. ಊಟವಾದ ಮೇಲೆ ದಾರ ಹಿಡಿದು ಒಳಗೆ ಕೂಡದೆ ಕಟ್ಟೆಗೇ ಬಂದು ಕೂಡುತ್ತಿದ್ದಳು, ಓಣಿ ನೋಡಲಿ ಎಂದು. "ಕೌದಿ ಹೊಲದು ಸಾಕಾತಂತ, ಈಗ ಹಲ್ಲು ಹೊಲ್ಯಾಕತ್ತಾಳ ಮುದುಕಿ," ಎಂದು ಹೆಂಗಸರು ಚಾಷ್ಟಿ ಮಾಡಿದರು. "ಮಂದಿ ಬಾಯಿ ಹೊಲ್ಯಾಕ ಬರ್ತಿದ್ರ ಮೊದಲ ನಿಮ್ಮವು ಹೊಲೀತಿದ್ನಿ!" ಎಂದಳು ಅನ್ನವ್ವ. ಮೊದಮೊದಲು ದಾರ ಕೆಂಪಾಗಿ ಬರುತ್ತಿತ್ತು. ಸುನಿತಾ ದಿನಾ ಇಣುಕಿ ನೋಡಿ ಎದೆ ಹಿಡಿದುಕೊಳ್ಳುತ್ತಿದ್ದಳು. ಬರಬರುತ್ತಾ ಕೆಂಪು ತೆಳುವಾಯಿತು, ಆಮೇಲೆ ದಾರ ಹೇಗೆ ಹೋಯಿತೋ ಹಾಗೇ ಬರತೊಡಗಿತು.

ದೀಪಾವಳಿ ಮುಗಿದ ಮೇಲೆ ಶಿವಾನಂದ ತಾನೇ ತಾಯಿಯನ್ನು ಶಿಗ್ಗಾಂವಿಗೆ ಕರೆದೊಯ್ದ. ಗುಲ್ನಾರ ಒಂದೊಂದೇ ಹಲ್ಲನ್ನು ಹಿಡಿದು ಅಲುಗಿಸಿ ನೋಡಿದಳು. ಅವನು ಗೋಡೆಗೆ ಆತು ನಿಂತು ಅವಳ ಮುಖವನ್ನೇ ನೋಡುತ್ತಿದ್ದ.

"ಕೀಳೂವಂಥಾದ್ದು ಒಂದೂ ಇಲ್ರಿ," ಎಂದಳು ಗುಲ್ನಾರ. "ಕೆಳಗಿಂದು ಒಂದು ಇನ್ನೂ ಚೂರು ಅಲಗಾಡತೈತಿ. ಸವದ ಎಲುಬು ತಿರುಗಿ ಬರೂದಿಲ್ಲ, ಸುಳ್ಳು ಹೇಳೂದಿಲ್ಲ. ಆದ್ರ ಒಸಡು ಬಿಗಿಯಾಗ್ಯಾವ, ಸಕ್ಕರೀನೂ ಇಳದೈತಿ. ಹಿಂಗ ನಡಸ್ಕೊಂಡು ಹೋದ್ರ ಇವು ನಿಮ್ಮವ್ವನ ಜೋಡೀನ ಇರ್ತಾವ."

ಅನ್ನವ್ವ ಮಗನ ಕಡೆ ನೋಡಿ, "ಕೇಳಿದೇನಪಾ?" ಎಂದಳು. ಅವನು ಆಕೆಯ ಸಂಚಿ ಎತ್ತಿಕೊಂಡು ಹೊರಟ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಬಂದ.

ಅದಾಗಿ ಕೆಲವು ದಿನಕ್ಕೆ ಹಾನಗಲ್ಲಿನಲ್ಲಿ ಸುನಿತಾಳ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ. ಬೀಗರ ಮನೆಯ ಊಟ. ಖಡಕ್ ರೊಟ್ಟಿ, ಎಣ್ಣೆಗಾಯಿ, ಮೇಲೆ ಹೋಳಿಗೆ. ಅನ್ನವ್ವ ಹೋಳಿಗೆ ಬೇಡವೆಂದಳು, ರೊಟ್ಟಿಯನ್ನು ಮಾತ್ರ ಕಟಂಕಟಂ ಕಡಿದು ತಿಂದಳು. ಕೈ ತೊಳೆದು ಬಂದು, ಪಡಸಾಲೆಯಲ್ಲಿ ಎಲ್ಲರ ನಡುವೆ ಕುಳಿತು, ಸೆರಗು ಮರೆ ಮಾಡಿ ದಾರ ತೆಗೆದಳು. ಮೊದಲು ಹೆಂಗಸರ ಗುಸುಗುಸು. ಆಮೇಲೆ ಸುನಿತಾಳ ಅಪ್ಪ ಯಲ್ಲಪ್ಪ, ಆ ಮನೆಯ ಯಜಮಾನ, ಗಂಟಲು ಸರಿಮಾಡಿಕೊಂಡ.

"ಬೀಗತೇರ, ಮಂದಿ ಕುಂತಾರ. ಬಾಯಾಗ ಕೈ ಹಾಕೂದು ಚಲೋ ಕಾಣಸೂದಿಲ್ಲ ನೋಡ್ರಿ."

"ನೀವು ಬಾಯಾಗ ಕಡ್ಡಿ ಹಾಕಿ ಕೆದರಿದ್ರ ಚಲೋ ಕಾಣಸತೈತಿ, ಅಂಗಳದಾಗ ಎಲಿ ಅಡಿಕಿ ಉಗುಳಿದ್ರ ಚಲೋ ಕಾಣಸತೈತಿ," ಎಂದಳು ಅನ್ನವ್ವ. "ನಾ ಸೆರಗ ಮರ್‍ಯಾಗ ದಾರ ಹಾಕಿದ್ರ ಅಷ್ಟ ಮನಿ ಮಾನ ಹೋಗತೈತೇನ್ರಿ ಬೀಗರ?"

ಸುನಿತಾ ತಲೆ ತಗ್ಗಿಸಿದಳು, ತವರಿನಲ್ಲಿ ಮರ್ಯಾದೆ ಹೋಯಿತೆಂದೇ ಅವಳಿಗೆ ಅನ್ನಿಸಿತು. ಎಲ್ಲರೂ ಅಳಿಯನ ಮುಖ ನೋಡಿದರು, ತಾಯಿಗೆ ಬುದ್ಧಿ ಹೇಳುವವನು ಅವನೇ ತಾನೇ. ಶಿವಾನಂದ ಎರಡನೆಯ ಪಂಕ್ತಿಯಲ್ಲಿ ಆಗಷ್ಟೇ ಉಂಡು ಮುಗಿಸಿದ್ದ. ಎದ್ದು ಬಂದ. ಮಾವನನ್ನು ದಾಟಿ ಬಂದು ತಾಯಿಯ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತ, ಎಲ್ಲರಿಗೂ ಕಾಣುವಂತೆ ಕೈ ಚಾಚಿದ.

"ನನಗೂ ಒಂದು ಮೊಳ ಕೊಡವ್ವಾ. ಹೆಂಗ ಹಾಕೂದು ತೋರಸು."

ಅನ್ನವ್ವ ಅವನ ಮುಖ ನೋಡಿದಳು. ಆಮೇಲೆ ಎಣ್ಣೆಗಾಯಿಯ ರಸ ಹತ್ತಿದ್ದ ಅವನ ಬೆರಳುಗಳನ್ನು ನೋಡಿದಳು.

"ಮೊದಲ ಕೈ ತೊಳಕೊಂಡು ಬಾ," ಎಂದಳು.